ಬಕೆಟ್ ನೀರು ಕಾಸಿದ ಆಂಪ್ಲಿಫೈಯರ್

ಮೊದಲ ಆಂಪ್ಲಿಫೈಯರ್ ಸುಟ್ಟಾಗ ತಪ್ಪು ಚಾಚಾರದ್ದೇ ಎಂದು ಹಿಂದೆಮುಂದೆ ನೋಡದೆ ಹೇಳಿಬಿಟ್ಟೆ. ಆ ಮಾತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಚಾಚಾ ಬ್ಯಾಡಗಿಯವರು. ಮದುವೆ, ಸಭೆ, ಶಾಲೆಯ ಕಾರ್ಯಕ್ರಮಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವುದು ಅವರ ಕಸುಬು. ಮೆಣಸಿನಕಾಯಿ ಸುಗ್ಗಿಯಲ್ಲಿ ಮಾರುಕಟ್ಟೆಯ ಒಂದು ಸಾಲಿನ ವ್ಯಾಪಾರಿಗಳು ಸೇರಿ ಧ್ವನಿವರ್ಧಕ ಹಾಕಿಸುತ್ತಾರೆ. ಯಾವ ಲಾರಿ ಎಲ್ಲಿ ನಿಲ್ಲಬೇಕು, ಯಾರ ಚೀಲ ಯಾವ ಅಂಗಡಿಯ ಮುಂದೆ ಇಳಿಯಬೇಕು ಎಂದು ಬೆಳಗಿನಿಂದ ಸಂಜೆಯವರೆಗೆ ಕೂಗಿ ಹೇಳಬೇಕು. ಆ ಕೆಲಸವೂ ವರ್ಷಗಳಿಂದ ಅವರದೇ. ನನ್ನ ರಿಪೇರಿ ಅಂಗಡಿ ರಾಣೆಬೆನ್ನೂರಿನಲ್ಲಿ. ಅಪ್ಪ ಅಲ್ಲಿ ರೇಡಿಯೊ ಬಿಚ್ಚುತ್ತಿದ್ದ ಕಾಲದಿಂದಲೂ ಚಾಚಾ ನಮ್ಮ ಗಿರಾಕಿ. ಅಪ್ಪನ ಖುರ್ಚಿಯಲ್ಲಿ ನಾನು ಕೂತ ಮೇಲೆ "ಮೆಕ್ಯಾನಿಕ್ ಎಲ್ಲಿ ಹೋಗ್ಯಾನ?" ಎಂದು ಕೇಳದೆ ನೇರವಾಗಿ ನನ್ನ ಮುಂದೆ ಸಾಮಾನು ಇಟ್ಟ ಮೊದಲಿಗರು ಅವರು.

ಅವರ ಹತ್ತಿರ ನಾಲ್ಕು ಹಳೆಯ ಆಂಪ್ಲಿಫೈಯರ್‌ಗಳಿದ್ದವು. ಒಂದೊಂದೂ ಇನ್ನೂರೈವತ್ತು ವಾಟ್, ಒಂದೊಂದನ್ನೂ ಇಬ್ಬರು ಹಿಡಿದೇ ಎತ್ತಬೇಕು. ಬೆನ್ನಿಗೆ ಅಲ್ಯೂಮಿನಿಯಂ ರೆಕ್ಕೆಗಳು, ಆ ರೆಕ್ಕೆಗಳ ಮೇಲೆ ನಾಲ್ಕು ಟ್ರಾನ್ಸಿಸ್ಟರ್. ಮೈಕಿನ ಸಣ್ಣ ದನಿಗೆ ಕೊನೆಯ ಬಲ ಕೊಟ್ಟು ಸ್ಪೀಕರಿಗೆ ನೂಕುವುದು ಇವೇ. ಚಪ್ಪಟೆ ಟೋಪಿಯಂಥ ಲೋಹದ ಡಬ್ಬಿಗಳು. ಮೇಲಿರುವ ನಂಬರಿನಿಂದ ನಮ್ಮ ಲೈನಿನವರು ಅವನ್ನು 'ಮೂವತ್ತೇಳು ಎಪ್ಪತ್ಮೂರು' ಎನ್ನುತ್ತೇವೆ. ಆ ವರ್ಷ ಸುಗ್ಗಿಗೆ ಮೊದಲು ಎರಡು ಆಂಪ್ಲಿಫೈಯರ್‌ಗಳಿಗೆ ಪೂರ್ತಿ ಹೊಸ ಟ್ರಾನ್ಸಿಸ್ಟರ್ ಹಾಕಿದ್ದೆ. ಉಳಿದೆರಡು ಸತ್ತೇ ಬಿದ್ದಿದ್ದವು, ಸರದಿ ಕಾಯುತ್ತಿದ್ದವು.

ಹಾವೇರಿಯ ಮೈದಾನದಲ್ಲಿ ಮಹಿಳಾ ಸಂಘಗಳ ಸಮಾವೇಶ. ಒಬ್ಬಾಕೆ ತಾನು ಹಪ್ಪಳದ ಕೆಲಸ ಶುರುಮಾಡಿದ ಕಥೆ ಹೇಳುತ್ತಿದ್ದಳಂತೆ. ಗೊರ್ ಎಂದು ಸದ್ದಾಯಿತು, ಆಕೆಯ ದನಿ ನಿಂತುಹೋಯಿತು. ಚಾಚಾ ಅಲ್ಲಿಂದಲೇ ಫೋನ್ ಮಾಡಿದರು.

"ಬೇಟಿ, ಮೊದಲ ಸುಟ್ಟ ವಾಸನಿ ಬಂತು, ಆಮ್ಯಾಗ ಹೊಗಿ. ಹತ್ತು ಮಿನಿಟೂ ನಡೀಲಿಲ್ಲ."

"ಸ್ಪೀಕರ್ ವಾಯರ್ ಎಲ್ಲರೆ ಶಾರ್ಟ್ ಮಾಡಿರಬೇಕು ನೀವು."

"ನೀ ಹುಟ್ಟೂ ಮೊದಲಿಂದ ನಾ ವಾಯರ್ ಎಳ್ಯಾಕತ್ತೇನಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

ವಾರದೊಳಗೆ ಎರಡನೆಯದೂ ಹೋಯಿತು. ತಪಾಸಣೆಗೆಂದು ತರಿಸಿಕೊಂಡಿದ್ದೆ, ಈ ಸಲ ಹೋದದ್ದು ನನ್ನದೇ ಮೇಜಿನ ಮೇಲೆ, ನನ್ನ ಕಣ್ಣೆದುರು. ಸ್ಪೀಕರ್ ವಾಯರ್ ಇರಲಿಲ್ಲ, ಚಾಚಾ ಇರಲಿಲ್ಲ, ಬೈಯಲು ಯಾರೂ ಇರಲಿಲ್ಲ. ಸತ್ತ ಟ್ರಾನ್ಸಿಸ್ಟರನ್ನು ಇಕ್ಕಳದಲ್ಲಿ ಹಿಡಿದು ಗರಗಸದಿಂದ ಅದರ ಟೋಪಿ ಕೊಯ್ದೆ. ಅಪ್ಪನ ಡಬ್ಬಿಯಲ್ಲಿ ಅದೇ ನಂಬರಿನದು, ಎಂದೋ ಸತ್ತದ್ದು ಒಂದಿತ್ತು. ಅದನ್ನೂ ಕೊಯ್ದು ಪಕ್ಕದಲ್ಲಿಟ್ಟೆ. ಅಪ್ಪನದರೊಳಗೆ ದಪ್ಪ ತಾಮ್ರದ ಹಾಸು, ಅದರ ಮೇಲೆ ಕಡಲೆಬೇಳೆಯಷ್ಟು ಅಗಲದ ಸಿಲಿಕಾನ್ ಚೂರು. ನಾನು ಹೊಸದೆಂದು ತಂದದ್ದರೊಳಗೆ ತಾಮ್ರವೇ ಇಲ್ಲ, ತೆಳ್ಳನೆಯ ತಗಡು. ಅದರ ಮೇಲೆ ಎಳ್ಳಿನಷ್ಟು ಚೂರು. ಹೊರಗಿನ ಅಕ್ಷರ ಮಾತ್ರ ಅಪ್ಪನದಕ್ಕಿಂತ ಚಂದ, ಲೇಸರಿನಲ್ಲಿ ಕೊರೆದದ್ದು.

ಸಗಟು ಅಂಗಡಿಯವನಿಗೆ ಎರಡರ ಫೋಟೊ ಕಳಿಸಿದೆ. ಅವನು ನಗುತ್ತಲೇ ಉತ್ತರ ಕೊಟ್ಟ. "ಮೇಡಂ, ಈಗ ಎಲ್ಲಾ ಕಡೆ ಇದ ಮಾಲ್ ಬರತೈತ್ರಿ. ಬೇಕಂದ್ರ ಬದಲಿ ಕೊಡತೇನಿ, ಅದೂ ಇದ ಪೆಟ್ಟಿಗ್ಯಾಗಿಂದ." ಇನ್ನೂ ಎರಡು ಕಡೆ ತರಿಸಿ ನೋಡಿದೆ. ಎರಡನ್ನೂ ಕೊಯ್ದೆ. ಎರಡರಲ್ಲೂ ಎಳ್ಳು.

ಚಾಚಾರ ಮನೆಗೆ ಹೋಗಿ ಕೊಯ್ದ ಡಬ್ಬಿಗಳನ್ನು ಅವರ ಅಂಗೈಯಲ್ಲಿಟ್ಟು, "ತಪ್ಪು ನಂದು" ಎಂದೆ. ಅವರು ಕನ್ನಡಕ ಏರಿಸಿ ಎರಡನ್ನೂ ನೋಡಿದರು. "ಖರೇ ಮಾಲ್ ಎಲ್ಲಿ ಸಿಗತೈತಿ ಹಂಗಾರ?" ಎಂದು ಕೇಳಿದರು.

ಉತ್ತರ ಸಿಕ್ಕಿದ್ದು ಬೇರೆ ಕೆಲಸಕ್ಕೆಂದು ಹೋದ ಕಡೆ. ನಮ್ಮೂರಿನ ಒಂದು ಮೋಡಕಾ ಅಂಗಡಿಗೆ, ಹಳೆ ಕಬ್ಬಿಣ ಹಳೆ ತಗಡು ಕೊಳ್ಳುವಲ್ಲಿಗೆ, ಯುಪಿಎಸ್‌ನ ಟ್ರಾನ್ಸ್‌ಫಾರ್ಮರ್ ಹುಡುಕಿಕೊಂಡು ಹೋಗಿದ್ದೆ. ಅಂಗಡಿ ನಡೆಸುವಾಕೆ ಕಾಲು ಚಾಚಿ ಕೂತು ಸುತ್ತಿಗೆಯಿಂದ ಏನನ್ನೋ ಒಡೆಯುತ್ತಿದ್ದಳು. ಮುಚ್ಚಿದ ಟಾಕೀಸೊಂದರ ಸೌಂಡ್ ರ್ಯಾಕ್ ಅದು. ಆಂಪ್ಲಿಫೈಯರಿನ ಅಲ್ಯೂಮಿನಿಯಂ ರೆಕ್ಕೆ ಒಂದು ಗುಡ್ಡೆ, ತಾಮ್ರ ಒಂದು ಗುಡ್ಡೆ. ರೆಕ್ಕೆಗಳ ಮೇಲೆ ಟೋಪಿಯಂಥ ಡಬ್ಬಿಗಳು ಸಾಲಾಗಿ ಕೂತಿದ್ದವು. ಆಕೆ ಸುತ್ತಿಗೆ ಎತ್ತಿದ್ದಳು.

"ಅಕ್ಕಾ, ತಡೀಬೇ! ಒಡಿಬ್ಯಾಡ."

"ಯಾಕ ತಂಗಿ, ಇದರಾಗ ಬಂಗಾರ ಐತೇನು?"

"ಬಂಗಾರ ಇಲ್ಲಬೇ. ಬಂಗಾರ ಅಂಗಡ್ಯಾಗರೆ ಸಿಗತೈತಿ. ಇದು ಎಲ್ಲೂ ಸಿಗವಲ್ದು."

ಆಕೆಗೆ ಬೇಕಾದದ್ದು ಅಲ್ಯೂಮಿನಿಯಂ. ನಾನು ಸ್ಕ್ರೂಡ್ರೈವರಿನಿಂದ ಡಬ್ಬಿಗಳನ್ನು ಬಿಚ್ಚಿಕೊಟ್ಟರೆ ಆಕೆಯ ಕೆಲಸವೂ ಹಗುರ. ಮಧ್ಯಾಹ್ನವೆಲ್ಲ ಆಕೆಯ ಪಕ್ಕ ನೆಲದ ಮೇಲೆ ಕೂತು ಬಿಚ್ಚಿದೆ. ಸುತ್ತಿಗೆ ಏಟು ಬಿದ್ದು ಕಾಲು ಮುರಿದವನ್ನು ಬಿಟ್ಟು ನಲವತ್ತೊಂದು ಸಿಕ್ಕವು. ಸಂಜೆ ಹೊರಡುವಾಗ ಆಕೆ ಕೇಳಿದಳು: "ಸತ್ತ ಮಷೀನಿನ ಜೀವಾ ತಗೊಂಡು ಏನ ಮಾಡತಿ?" "ಮಾಡಿ ತೋರಸತೇನಿ" ಎಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ.

ಹಳೆಯ ಭಾಗವನ್ನು ತೆಗೆದು ಹಾಗೇ ಹಾಕುವುದು ಜೂಜು. ಅಳೆದು ಹಾಕಿದರೆ ಮಾತ್ರ ಅದು ರಿಪೇರಿ. ನಾನು ಅಳೆಯುವುದರಿಂದ ಶುರುಮಾಡಿದೆ.

ಮೊದಲು ಪ್ರತಿಯೊಂದನ್ನೂ ತೊಳೆದು, ಕಾಲು ಉಜ್ಜಿ, ಬಿಳಿ ಬಣ್ಣದಿಂದ ಒಂದೊಂದು ನಂಬರ್ ಬರೆದೆ. ಮಲ್ಟಿಮೀಟರಿನಲ್ಲಿ ಕಾಲುಗಳ ನಡುವಿನ ಓದು ನೋಡಿದೆ. ಒಂದು ದಿಕ್ಕಿನಲ್ಲಿ ಅರ್ಧ ವೋಲ್ಟಿನ ಆಸುಪಾಸು ಬರಬೇಕು, ಉಲ್ಟಾ ಹಿಡಿದರೆ ಏನೂ ಬರಬಾರದು. ಎಂಟು ಅಲ್ಲೇ ಸತ್ತಿದ್ದವು. ಉಳಿದವು ಮೂವತ್ತಮೂರು.

ಆದರೆ ಮಲ್ಟಿಮೀಟರ್ ಕೊಡುವ ಕರೆಂಟ್ ಇರುವೆ ಕಡಿತದಷ್ಟು. ಅದರಲ್ಲಿ ನಕಲಿಯೂ ಪಾಸಾಗುತ್ತದೆ. ಹಾಗಾಗಿ ಕಾರಿನ ಬ್ಯಾಟರಿ, ಒಂದು ಹೆಡ್‌ಲೈಟ್ ಬಲ್ಬ್, ದೊಡ್ಡ ಅಲ್ಯೂಮಿನಿಯಂ ರೆಕ್ಕೆ ಜೋಡಿಸಿ ಒಂದು ಪರೀಕ್ಷಾ ಹಲಗೆ ಮಾಡಿಕೊಂಡೆ. ಟ್ರಾನ್ಸಿಸ್ಟರಿನ ಒಂದು ಕಾಲಿಗೆ ಐವತ್ತು ಮಿಲಿಆಂಪ್ ಕೊಡುವುದು. ಒಳ್ಳೆಯದಾದರೆ ಅದನ್ನು ಮೂವತ್ತು ಪಟ್ಟೋ ನಲವತ್ತು ಪಟ್ಟೋ ಹಿಗ್ಗಿಸಿ ಬಲ್ಬಿಗೆ ಕಳಿಸುತ್ತದೆ, ಬಲ್ಬ್ ಕೆಂಪಗೆ ಹೊತ್ತುತ್ತದೆ. ಮೊದಲು ಹೊಸ ನಕಲಿಯನ್ನೇ ಹಚ್ಚಿ ನೋಡಿದೆ. ಬಲ್ಬ್ ಹೊತ್ತಿದಂತೆ ಮಾಡಿ ಮಂಕಾಯಿತು. ಟಾಕೀಸಿನದನ್ನು ಹಚ್ಚಿದೆ. ಹೊತ್ತಿತು, ಹಾಗೇ ನಿಂತಿತು, ಅಲುಗಲಿಲ್ಲ. ಎಷ್ಟು ವರ್ಷ ಎಷ್ಟು ಸಿನಿಮಾ ಕೂಗಿಸಿ ಬಂದದ್ದೋ ಏನೋ.

ಪ್ರತಿಯೊಂದರ ಹಿಗ್ಗಿಸುವ ಶಕ್ತಿಯನ್ನು ವಹಿಯಲ್ಲಿ ಬರೆದು, ಹತ್ತಿರಹತ್ತಿರ ಇರುವವನ್ನು ಬೇರೆಬೇರೆ ಡಬ್ಬಿಗೆ ಹಾಕಿದೆ. ನಾಲ್ವರು ಹಮಾಲರು ಒಂದು ಕಲ್ಲು ಎತ್ತುವಾಗ ಒಬ್ಬನು ಹೆಚ್ಚು ಬಲದವನಾದರೆ ಭಾರವೆಲ್ಲ ಅವನ ಹೆಗಲಿಗೇ ಬರುತ್ತದೆ, ಮೊದಲು ಕುಸಿಯುವವನೂ ಅವನೇ. ಜೊತೆಗೆ ಕೆಲಸ ಮಾಡುವ ಟ್ರಾನ್ಸಿಸ್ಟರ್‌ಗಳದ್ದೂ ಅದೇ ಪಾಡು. ಶಕ್ತಿ ತೀರಾ ಕಡಿಮೆಯಾದ ಆರನ್ನು ಬಿಟ್ಟೆ. ಇಪ್ಪತ್ತೇಳು ಉಳಿದವು.

ಸಣ್ಣ ಕೆಪ್ಯಾಸಿಟರ್‌ಗಳನ್ನು ಮಾತ್ರ ಹಳೆಯವು ಬೇಡವೆಂದು ಮೊದಲೇ ತೀರ್ಮಾನಿಸಿದ್ದೆ. ಅವುಗಳೊಳಗಿನ ರಸ ಕಾಲ ಕಳೆದಂತೆ ಒಣಗುತ್ತದೆ. ಮೇಲೆ ನೋಡಿದರೆ ತಿಳಿಯುವುದಿಲ್ಲ. ಹಳೆಯದೆಲ್ಲ ಒಳ್ಳೆಯದು ಎನ್ನುವ ಹುಚ್ಚು ನನಗಿರಲಿಲ್ಲ.

ನಾಲ್ಕನ್ನು ಆರಿಸಿ ಒಂದು ಆಂಪ್ಲಿಫೈಯರಿಗೆ ಹಾಕಿದೆ. ನೂರು ವಾಟಿನ ಬಲ್ಬನ್ನು ದಾರಿಯಲ್ಲಿಟ್ಟು ಕರೆಂಟ್ ಕೊಟ್ಟೆ. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಆ ಬಲ್ಬ್ ಜೋರಾಗಿ ಉರಿದು ಉಳಿದದ್ದನ್ನು ಕಾಯುತ್ತದೆ. ಬಲ್ಬ್ ಮಿಣಕ್ ಎಂದು ಆರಿತು. ಎರಡು ತಾಸು ಹಾಡು ಹಚ್ಚಿಟ್ಟೆ. ಚಾಚಾ ಬಂದು ಕೇಳಿದರು, ಬೆನ್ನಿನ ರೆಕ್ಕೆ ಮುಟ್ಟಿ ನೋಡಿದರು, ಒಯ್ದರು.

ಗಳಗನಾಥದಲ್ಲಿ ಒಂದು ಶಾಲೆಯ ಕಾರ್ಯಕ್ರಮ. ನಾನೂ ಜೊತೆಗೆ ಹೋಗಿದ್ದೆ, ಹಟಕ್ಕೆ. ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು, ಆದರೆ ಆಂಪ್ಲಿಫೈಯರ್ ಇಟ್ಟದ್ದು ತಗಡಿನ ಶೆಡ್ಡಿನ ಕೆಳಗೆ, ಮಧ್ಯಾಹ್ನದ ಬಿಸಿಲಿಗೆ. ಭಾಷಣ ಮುಗಿದು ಹೆಣ್ಣುಮಕ್ಕಳ ಕೋಲಾಟ ಶುರುವಾಯಿತು. ಒಂದೂವರೆ ತಾಸು ಆಗಿರಬೇಕು. ಹಾಡಿನ ಹಿಂದೆ ಸಣ್ಣಗೆ ಹಮ್ ಎಂಬ ಸದ್ದು ಎದ್ದಿತು. ಅದು ನನಗೆ ಮಾತ್ರ ಕೇಳಿಸಿರಬೇಕು. ಶೆಡ್ಡಿನ ಕಡೆ ಓಡಿದೆ. ನಾನು ಸ್ವಿಚ್ಚಿಗೆ ಕೈ ಹಾಕುವ ಮೊದಲೇ ಫ್ಯೂಜ್ ಹಾರಿತು, ಹಾಡು ನಿಂತಿತು. ಮಕ್ಕಳು ಕೋಲು ಎತ್ತಿದವರು ಎತ್ತಿದಂತೆಯೇ ನಿಂತರು. ಆಮೇಲೆ ಅವರ ಟೀಚರ್ ಚಪ್ಪಾಳೆ ಬಡಿದು ತಾವೇ ಹಾಡತೊಡಗಿದರು, ಕೋಲಾಟ ಮುಂದುವರಿಯಿತು. ನಾನು ಮಾತ್ರ ಶೆಡ್ಡಿನಿಂದ ಹೊರಗೆ ಬರಲಿಲ್ಲ.

ಮೇಜಿಗೆ ತಂದು ಬಿಚ್ಚಿದರೆ ಎರಡು ಟ್ರಾನ್ಸಿಸ್ಟರ್ ಹೋಗಿದ್ದವು. ತಣ್ಣಗಿದ್ದಾಗ ಒಳ್ಳೆಯದಿದ್ದ ಒಂದು ಕಾದ ಮೇಲೆ ಸೋರತೊಡಗಿದೆ, ಜೊತೆಗಾರನನ್ನೂ ಎಳೆದುಕೊಂಡು ಹೋಗಿದೆ. ನಕಲಿ ಮಾಲಿನವನನ್ನು ಬೈಯುವಂತಿರಲಿಲ್ಲ. ಈ ಸಲದ ತಪ್ಪು ಪೂರ್ತಿ ನನ್ನ ಪರೀಕ್ಷೆಯದು.

ಸುದ್ದಿ ನನಗಿಂತ ಮೊದಲು ಹಾವೇರಿ ಮುಟ್ಟಿತ್ತು. ಅಲ್ಲಿ ಹೊಸ ಆಂಪ್ಲಿಫೈಯರ್ ಮಾರುವ ಡೀಲರ್ ಒಬ್ಬರಿದ್ದರು. ಸುಗ್ಗಿಯ ಧ್ವನಿವರ್ಧಕದ ಕೆಲಸದ ಮೇಲೆ ಅವರಿಗೂ ಕಣ್ಣಿತ್ತು. ಬ್ಯಾಡಗಿಯ ವ್ಯಾಪಾರಿಗಳಲ್ಲಿ ಹಿರಿಯರಾದ ಒಬ್ಬ ದಲಾಲರ ಮುಂದೆ ಕೂತು, "ಆ ಅಕ್ಕಾರು ಮೋಡಕಾದಾಗಿನ ಸಾಮಾನು ಹಾಕತಾರ್ರಿ. ಸುಗ್ಗಿ ನಡುವ ಕೈ ಕೊಟ್ರ ಏನ್ ಮಾಡತೀರಿ?" ಎಂದಿದ್ದರಂತೆ.

ಚಾಚಾ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಚಹಾ ಮುಟ್ಟಲಿಲ್ಲ.

"ದಲಾಲರು ಕೇಳಿದ್ರು, ಮೋಡಕಾ ಸಾಮಾನು ಖರೇ ಏನು ಅಂತ. ನಾ ಇಲ್ಲ ಅಂದೆ."

"ಯಾಕ ಅಂದ್ರಿ?"

"ಮತ್ತೇನ ಅನ್ನಲಿ ಬೇಟಿ? ಈ ಸುಗ್ಗಿ ಕೆಲಸಾ ಹೋತಂದ್ರ ನನ್ನ ವರ್ಷದ ಕೆಲಸಾ ಹೋದಂಗ. ನೀ ರಿಪೇರಿ ಮಾಡು, ಯಾರಿಗೂ ಹೇಳಬ್ಯಾಡ. ಹೊಸಾವ ಅಂತ ಹೇಳೂಣು."

ಅವರ ಮೇಲೆ ಸಿಟ್ಟು ಬರಲಿಲ್ಲ. ಬಂದದ್ದು ಆ ಮಾತಿನ ಮೇಲೆ. ಎಳ್ಳಿನಷ್ಟು ಚೂರು ತುಂಬಿದ ಡಬ್ಬಿ ಎದೆಯುಬ್ಬಿಸಿ ಹೊಸದು ಎಂದು ಹೇಳಿಕೊಂಡು ತಿರುಗುತ್ತದೆ. ಒಂದೊಂದಾಗಿ ಅಳೆದು ಆರಿಸಿದ್ದು ಮುಖ ಮುಚ್ಚಿಕೊಂಡು ಹೋಗಬೇಕೆ? "ಚಾಚಾ, ಹದಿನೈದು ದಿನಾ ಕೊಡ್ರಿ. ಆಮ್ಯಾಲ ಮಾತಾಡೂಣು" ಎಂದೆ.

ಮರುದಿನ ಮನೆಯ ಇಸ್ತ್ರಿ ಪೆಟ್ಟಿಗೆಯನ್ನು ಅಂಗಡಿಗೆ ತಂದೆ. ಮರದ ಚೌಕಟ್ಟಿನಲ್ಲಿ ಅದನ್ನು ಬೆನ್ನಡಿಯಾಗಿ ಕೂರಿಸಿ, ಕಾಯುವ ತಳದ ಮೇಲೆ, ಶಾಖ ಬಿಟ್ಟು ಕರೆಂಟ್ ತಡೆಯುವ ತೆಳುವಾದ ಅಭ್ರಕದ ಹಾಳೆ ಹಾಸಿದೆ, ಅದರ ಮೇಲೆ ಟ್ರಾನ್ಸಿಸ್ಟರ್. ಉಷ್ಣತೆ ನೋಡಲು ಮೀಟರಿನ ತಂತಿ. ಎಂಬತ್ತು ಡಿಗ್ರಿಗೆ ಕಾಯಿಸಿ, ಅದರ ಮೇಲೆ ನೂರು ವೋಲ್ಟ್ ಹೇರಿ, ಎಷ್ಟು ಕರೆಂಟ್ ಸೋರುತ್ತದೆ ಎಂದು ನೋಡುವುದು. ಒಂದೊಂದಕ್ಕೆ ಇಪ್ಪತ್ತು ನಿಮಿಷ. ಒಳ್ಳೆಯದು ಸ್ವಲ್ಪ ಸೋರಿ ಒಂದು ಅಂಕಿಗೆ ನಿಲ್ಲುತ್ತದೆ. ಕೆಟ್ಟದ್ದು ನಿಲ್ಲುವುದಿಲ್ಲ, ಅಂಕಿ ಮೆಲ್ಲಗೆ, ಒಂದೊಂದೇ, ಏರುತ್ತಲೇ ಹೋಗುತ್ತದೆ. ಆ ಅಂಕಿಗಳನ್ನು ನೋಡುತ್ತ ಗಳಗನಾಥದ ಶೆಡ್ಡಿನಲ್ಲಿ ಕೇಳಿದ ಹಮ್ ಸದ್ದು ಮತ್ತೆ ಕಿವಿಗೆ ಬರುತ್ತಿತ್ತು.

ಒಮ್ಮೆ ಅಭ್ರಕದ ಹಾಳೆ ಹರಿದದ್ದು ನೋಡದೆ ನೂರು ವೋಲ್ಟ್ ಕೊಟ್ಟು ಒಂದು ಒಳ್ಳೆಯ ಟ್ರಾನ್ಸಿಸ್ಟರನ್ನು ಕೈಯಾರೆ ಕೊಂದೆ. ನಂಬರ್ ಹದಿನೇಳು ಅದು. ಇಡೀ ಗುಂಪಿನಲ್ಲಿ ಅತಿ ಗಟ್ಟಿಯಾದದ್ದು.

ಉಳಿದಿದ್ದ ಇಪ್ಪತ್ತೈದರಲ್ಲಿ ಕಾಯಿಸಿದ ಮೇಲೆ ನಿಂತವು ಹದಿನಾಲ್ಕು. ಮೂರು ಆಂಪ್ಲಿಫೈಯರಿಗೆ ಹನ್ನೆರಡು, ಕೈಯಲ್ಲಿ ಎರಡು. ಚಾಚಾ ನಾಲ್ಕನೆಯದರ ಆಸೆ ಬಿಟ್ಟಿರಲಿಲ್ಲ. "ಆ ಎರಡಕ್ಕ ಹೊಸಾವು ಎರಡು ಸೇರಸಿ ಹಾಕಾಕ ಬರೂದಿಲ್ಲೇನು?" ಎಂದು ಕೇಳಿದರು. ಬರುವುದಿಲ್ಲ ಎಂದೆ. ನಾಲ್ಕನೆಯದು ಖಾಲಿ ಬೆನ್ನಿನಿಂದಲೇ ಮೂಲೆ ಸೇರಿತು.

ಮೂರೂ ತಯಾರಾದ ದಿನ ಒಂದು ದಪ್ಪ ಬಿಳಿ ಹಾಳೆ ತೆಗೆದುಕೊಂಡು ದೊಡ್ಡ ಅಕ್ಷರದಲ್ಲಿ ಬರೆದೆ: 'ಇದರ ನಾಲ್ಕು ಔಟ್‌ಪುಟ್ ಟ್ರಾನ್ಸಿಸ್ಟರ್ ಹಳೆಯವು. ಕಾಯಿಸಿ, ಅಳೆದು, ಹೊಂದಿಸಿ ಹಾಕಿದೆ.' ಕೆಳಗೆ ನಾಲ್ಕರ ನಂಬರ್, ಪ್ರತಿಯೊಂದರ ಅಳತೆ, ನನ್ನ ಹೆಸರು. ಅದನ್ನು ಆಂಪ್ಲಿಫೈಯರಿನ ಹಿಂದೆಯಲ್ಲ, ಮುಂದೆ, ಗುಂಡಿಗಳ ಪಕ್ಕದಲ್ಲೇ ಅಂಟಿಸಿದೆ. ಉಳಿದೆರಡಕ್ಕೂ ಹಾಗೆಯೇ. ಚಾಚಾ ಓದಿ, "ಯಾ ಅಲ್ಲಾ" ಎಂದು ಹಣೆ ಹಿಡಿದುಕೊಂಡರು.

"ದಲಾಲರಿಗೆ ಹೇಳ್ರಿ" ಎಂದೆ. "ಮೋಡಕಾದಾಗಿಂದು ಅಂತ ನಾನ ಹೇಳೇನಿ ಅನ್ರಿ. ಯಾರಿಗೆ ಅನುಮಾನ ಐತೋ ಅವರನ್ನ ಕರೀರ್ರಿ. ಎಲ್ಲಾರ ಮುಂದ ನಡಸಿ ತೋರಸತೇನಿ."

ಸುಗ್ಗಿ ಆಗತಾನೇ ಏರುತ್ತಿತ್ತು. ಬ್ಯಾಡಗಿಯ ಯಾರ್ಡಿನಲ್ಲಿ ಕಾಲಿಟ್ಟರೆ ಮೊದಲು ಮೂಗು, ಆಮೇಲೆ ಕಣ್ಣು ಉರಿಯುತ್ತದೆ. ಅಲ್ಲಿನವರಿಗೆ ಅದು ಗೊತ್ತೇ ಆಗುವುದಿಲ್ಲ. ದಲಾಲರ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಬೆಳಗ್ಗೆ ಹತ್ತಕ್ಕೆ ಆಂಪ್ಲಿಫೈಯರ್ ಇಟ್ಟೆವು. ಕೆಲವು ವ್ಯಾಪಾರಿಗಳು, ಚೀಲ ಇಳಿಸಿ ಬಂದ ಹಮಾಲರು ಸುತ್ತ ನಿಂತರು. ಹಾವೇರಿಯ ಡೀಲರೂ ಬಂದಿದ್ದರು, ತಮ್ಮದೊಂದು ಹೊಸ ಆಂಪ್ಲಿಫೈಯರನ್ನು ಪೆಟ್ಟಿಗೆ ಸಮೇತ ಕಾರಿನಲ್ಲಿ ತಂದು.

ನಾನು ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು ತುಂಬಿ, ಸ್ನಾನದ ನೀರು ಕಾಯಿಸುವ ಕಾಯಿಲ್ ಅದರಲ್ಲಿ ಇಳಿಬಿಟ್ಟೆ. ಅದರ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಹಾಕದೆ ಆಂಪ್ಲಿಫೈಯರಿನ ಹಿಂದೆ, ಉದ್ದ ಲೈನಿನ ಸ್ಪೀಕರ್‌ಗಳಿಗೆ ನೂರು ವೋಲ್ಟ್ ಕೊಡುವ ಜಾಗಕ್ಕೆ ಸೇರಿಸಿದೆ. ಅಲ್ಲಿಗೆ ಎಲ್ಲ ಸ್ಪೀಕರ್ ಹಚ್ಚಿದರೆ ಎಷ್ಟು ಭಾರ ಬೀಳುತ್ತದೋ ಹೆಚ್ಚುಕಡಿಮೆ ಅಷ್ಟೇ ಭಾರ ಆ ಕಾಯಿಲ್ಲಿನದು. ಸ್ಪೀಕರ್ ಹಚ್ಚಿ ಪೂರ್ತಿ ದನಿ ಕೊಟ್ಟರೆ ಯಾರ್ಡಿನಲ್ಲಿ ಯಾರೂ ನಿಲ್ಲಲಾರರು. ಹಾಡಿನಲ್ಲಿ ದನಿ ಏರಿಳಿಯುತ್ತದೆ, ಟ್ರಾನ್ಸಿಸ್ಟರಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಬಕೆಟ್ಟಿನ ನೀರು ಬಿಡುವು ಕೊಡುವುದಿಲ್ಲ. ಫೋನಿನಿಂದ ಒಂದೇ ಸಮನಾದ ಸ್ವರ ಕೊಟ್ಟು, ಗುಂಡಿ ತಿರುಗಿಸಿ, ಪಕ್ಕದಲ್ಲಿ ಹಚ್ಚಿಟ್ಟ ಮೀಟರ್ ನೋಡಿ ಇನ್ನೂರು ವಾಟಿಗೆ ನಿಲ್ಲಿಸಿದೆ. ನೀರನ್ನು ಯಾರೂ ಮುಟ್ಟಬೇಡಿ ಎಂದು ಎರಡು ಸಲ ಹೇಳಿದೆ.

ಡೀಲರ್ ನಕ್ಕರು. "ಅಕ್ಕಾರ, ಆಂಪ್ಲಿಫೈಯರ್ ಇರೂದು ನೀರು ಕಾಸಾಕ ಅಲ್ರಿ."

"ಹೌದ್ರಿ. ಆದ್ರ ನೀರು ಕಾಸಿದ್ದು ಸುಳ್ಳು ಹೇಳೂದಿಲ್ಲ. ನಿಮ್ಮದೂ ತಂದೀರಲ್ಲ, ಬಾಜೂಕ ಇಡ್ರಿ. ಇನ್ನೊಂದು ಕಾಯಿಲ್ ಐತಿ ನನ್ನ ಕಡೆ."

"ನಮ್ಮ ಕಂಪನಿ ಮಾಲ್ ಹಿಂಗೆಲ್ಲಾ ಟೆಸ್ಟ್ ಮಾಡಬಾರದ್ರಿ, ವಾರಂಟಿ ಹೋಗತೈತಿ."

ಒಬ್ಬ ಹಮಾಲ ಹಿಂದಿನಿಂದ, "ಅದ ಹೋಗತೈತೋ, ವಾರಂಟಿ ಹೋಗತೈತೋ?" ಎಂದ. ನಗೆ ಎದ್ದಿತು. ನಾನು ನಗಲಿಲ್ಲ, ನನ್ನ ಕಣ್ಣು ಮೀಟರಿನ ಮೇಲಿತ್ತು.

ಮೊದಲ ಒಂದು ತಾಸು ಸುಲಭ. ಗಳಗನಾಥದಲ್ಲಿ ಕೈ ಕೊಟ್ಟದ್ದು ಒಂದೂವರೆ ತಾಸಿಗೆ. ಆ ಹೊತ್ತು ಹತ್ತಿರ ಬಂದಂತೆ ಬೆನ್ನಿನ ರೆಕ್ಕೆಗೆ ಅಂಗೈ ಇಟ್ಟರೆ ಸುಡುವಷ್ಟಾಯಿತು. ಬಿಸಿಲು ಕಟ್ಟೆಯ ಅರ್ಧಕ್ಕೆ ಬಂದಿತ್ತು. ನೆರಳಿಗೆ ಸರಿಸೋಣವೇ ಎಂದು ಚಾಚಾ ಕಣ್ಣಲ್ಲೇ ಕೇಳಿದರು. ಬೇಡ ಎಂದು ತಲೆಯಾಡಿಸಿದೆ. ಸೋರಿಕೆ ಶುರುವಾದರೆ ಮೀಟರಿನ ಅಂಕಿ ಏರಬೇಕು. ಅಂಕಿ ಇದ್ದಲ್ಲೇ ಇತ್ತು. ಒಂದೂವರೆ ತಾಸು ದಾಟಿತು. ಎರಡು ತಾಸು. ಜನ ಹೋಗಿ ಬಂದು ನೋಡುತ್ತಿದ್ದರು. ಎರಡೂವರೆ ತಾಸಿಗೆ ಬಕೆಟ್ಟಿನಿಂದ ಹಬೆ ಏಳತೊಡಗಿತು. ನಾನು ಸ್ವಿಚ್ ತೆಗೆದು, ಕಾಯಿಲ್ ಹೊರಗೆಳೆದು, ದಲಾಲರಿಗೆ, "ಈಗ ಮುಟ್ಟಿ ನೋಡ್ರಿ" ಎಂದೆ. ಅವರು ಬೆರಳು ಅದ್ದಿ, ಥಟ್ಟನೆ ಹಿಂದೆಗೆದು ಪಂಚೆಗೆ ಒರೆಸಿಕೊಂಡರು.

"ಬಿಸಿ ಅದ ಬಿಡ್ರಿ" ಎಂದರು. ಆಂಪ್ಲಿಫೈಯರಿನ ಮುಂದೆ ಬಗ್ಗಿ ಚೀಟಿ ಓದಿದರು. "ಮಷೀನು ನಡೀತೈತಿ. ಒಪ್ಪಿದೆ. ಆದ್ರ ಈ ಚೀಟಿ ಹರದ ತಗೀರಿ. ಬಂದ ರೈತರು, ಹೊರಗಿನ ವ್ಯಾಪಾರಸ್ಥರು ಓದಿದ್ರ ಏನಂತಾರ? ಇವರ ಕಡೆ ಎಲ್ಲಾ ಹಳೇದ ಅಂತಾರ."

ಗೆದ್ದೆ ಎಂದುಕೊಂಡಿದ್ದೆ.

"ಚೀಟಿ ಹರ್ಯೂದಿಲ್ರಿ" ಎಂದೆ. "ಸುಳ್ಳು ಏನರೆ ಬರದಿದ್ರ ಹೇಳ್ರಿ, ಹರೀತೇನಿ. ಖರೇ ಬರದದ್ದಕ್ಕ ಹರ್ಯೂದಿಲ್ಲ. ಬ್ಯಾಡಂದ್ರ ಮಷೀನು ಒಯ್ತೀವಿ."

'ಒಯ್ತೀವಿ' ಎಂದ ಮೇಲೆ ಹೊಳೆಯಿತು: ಮಷೀನು ನನ್ನದಲ್ಲ, ಸುಗ್ಗಿಯ ಕೆಲಸವೂ ನನ್ನದಲ್ಲ. ಹಟ ಮಾತ್ರ ನನ್ನದು. ಅದರ ಬೆಲೆ ತೆರುವವರು ಚಾಚಾ. ಅವರ ಕಡೆ ನೋಡುವ ಧೈರ್ಯವಾಗಲಿಲ್ಲ. ಅವರೇನಾದರೂ, 'ಹೋಗಲಿ ಬೇಟಿ, ಹರದ ಹಾಕು' ಎಂದಿದ್ದರೆ ನಾನು ಹರಿದುಹಾಕುತ್ತಿದ್ದೆ. ಹರಿಯಲೇಬೇಕಿತ್ತು.

ಚಾಚಾ ಹೆಗಲ ಮೇಲಿನ ಟವೆಲ್ ತೆಗೆದು ಕೈಗೆ ಸುತ್ತಿಕೊಂಡರು. ಬಿಸಿಯಾಗಿದ್ದ ಬೆನ್ನಿನ ಕಡೆಗೆ ತಾವೇ ಹೋಗಿ ನಿಂತರು.

"ಹಿಡಿ ಬೇಟಿ" ಎಂದರು. "ಎತ್ತೂಣು."

ಎತ್ತಿದೆವು. ಕಟ್ಟೆ ಇಳಿದು, ಚೀಲಗಳ ಸಾಲಿನ ನಡುವೆ, ಅವರ ಗಾಡಿ ನಿಂತಿದ್ದ ಕಡೆಗೆ ಹೆಜ್ಜೆ ಹಾಕಿದೆವು. ಅವರಿಗೆ ಅರವತ್ತು ದಾಟಿದೆ, ಉಸಿರು ಕೇಳಿಸುತ್ತಿತ್ತು. ಹಮಾಲರು ಬಂದು ಕೈ ಕೊಡಲು ಮುಂದಾದರೆ ಬೇಡ ಎಂದರು. ಗಾಡಿಯ ಹಲಗೆಗೆ ಮೂಲೆ ತಾಗಿಸಿದ್ದೆವಷ್ಟೆ.

"ಏ, ಇಳಸ್ರಿ, ಇಳಸ್ರಿ" ಎಂದು ದಲಾಲರು ಹಿಂದಿನಿಂದ ಕೂಗಿದರು. ಅವರ ದನಿಯಲ್ಲಿ ಸಿಟ್ಟೂ ಇತ್ತು. "ಎಂಥಾ ಮಂದೀರಿ ನೀವು! ಇರಲಿ ಬಿಡ್ರಿ ಚೀಟಿ. ಇಲ್ಲಿ ಓದಾಕ ಯಾರಿಗೆ ಪುರಸೊತ್ತೈತಿ?"

ಕೊನೆಯ ಮಾತು ಅವರು ತಮ್ಮ ಸಮಾಧಾನಕ್ಕೆ ಆಡಿದ್ದು. ಜನ ಓದಿದರು. ಸುಗ್ಗಿ ಪೂರ್ತಿ ನಿಂತು ನಿಂತು ಓದಿದರು. ಕೆಲವರು ಫೋನ್ ನಂಬರ್ ಕೇಳಿಕೊಂಡು ನನ್ನ ಅಂಗಡಿಗೆ ಸತ್ತ ಮಷೀನು ಹೊತ್ತು ತಂದರು. ಮೂರು ಆಂಪ್ಲಿಫೈಯರ್‌ಗಳಲ್ಲಿ ಎರಡು ಸರದಿಯ ಮೇಲೆ ನಡೆದವು, ಮೂರನೆಯದು ಹೊರಗಿನ ಕಾರ್ಯಕ್ರಮಗಳಿಗೆ ಹೋಯಿತು. ಒಮ್ಮೆ ಮಾತ್ರ ಯಾರ್ಡಿನದೊಂದು ಗೊಗ್ಗರು ದನಿ ಹೊರಡಿಸತೊಡಗಿತು. ರೈಲು ಹಿಡಿದು ಹೋಗಿ ಬಿಚ್ಚಿದೆ. ಊದಿದ ಕೂಡಲೇ ಮೆಣಸಿನಕಾಯಿ ಧೂಳು ಎದ್ದು ಅರ್ಧ ತಾಸು ಸೀನಿದೆ. ಕೆಟ್ಟದ್ದು ಒಂದು ಸಣ್ಣ ಕೆಪ್ಯಾಸಿಟರ್, ನಾನೇ ಹೊಸದಾಗಿ ಕೊಂಡು ಹಾಕಿದ್ದು. ಬದಲಿಸಿ, ಚೀಟಿಯ ಕೆಳಗೆ ಅದನ್ನೂ ಬರೆದೆ.

ಸುಗ್ಗಿ ಇಳಿದ ಮೇಲೆ ಒಂದು ದಿನ ಹಾವೇರಿಯ ಡೀಲರ್ ರಾಣೆಬೆನ್ನೂರಿಗೆ ಬಂದರು. ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಗಿರಾಕಿಗಳು ವಾಪಸು ತಂದುಕೊಟ್ಟ ಮೂರು ಬೋರ್ಡುಗಳು ಅದರಲ್ಲಿದ್ದವು. ಕುಂದ್ರಿ ಎಂದೆ, ಕೂತರು. ಚಹಾ ಕುಡಿದರು.

"ನಿಮ್ಮ ಕಡೆ ಆ ಹಳೇ ಖರೇ ಮಾಲ್ ಐತೇನ್ರಿ ಅಕ್ಕಾರ? ಇವಕ್ಕ ಕೂಡಸಿ ಕೊಡ್ರಿ."

"ಇವಕ್ಕ ಬ್ಯಾರೆ ನಂಬರ್ ಬೇಕ್ರಿ. ಹುಡುಕಿದ್ರ ಸಿಗತಾವು. ಅಳದು ಹಾಕತೇನಿ. ಚೀಟಿ ಹಚ್ಚತೇನಿ."

"ಚೀಟಿ ಬ್ಯಾಡ್ರಿ. ಇದು ಶೋರೂಂ ಮಾಲ್."

"ಹಂಗಾರ ಆಗೂದಿಲ್ರಿ."

ಅವರು ನನ್ನ ಮುಖವನ್ನೇ ನೋಡಿದರು. ನಾನು ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಪೆಟ್ಟಿಗೆ ಎತ್ತಿಕೊಂಡು ಬಾಗಿಲವರೆಗೆ ಹೋದರು. ಅಲ್ಲಿ ನಿಂತರು.

"ಅಷ್ಟು ಸೊಕ್ಕು ಛಲೋ ಅಲ್ರಿ ಅಕ್ಕಾರ."

"ಇರಲಿ ಬಿಡ್ರಿ" ಎಂದೆ. "ಅದೂ ಅಳದ ಇಟ್ಕೊಂಡೇನಿ."